ಕಂಬಳಿ ಬಿಟ್ಟು ಏಳದ ಮೋತ್ಯಾ

ಮೂರು ವರ್ಷಗಳ ಹಿಂದಿನ ಮಾತು. ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತ್ತು. ನಾನು ಬಿ.ಕಾಂ. ಮುಗಿಸಿ ಬಸವಕಲ್ಯಾಣದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮಾತ್ರೆ ಕವರಿಗೆ ಹಾಕಿ, ಬೆಳಿಗ್ಗೆ ಒಂದು ಸಂಜೆ ಒಂದು ಎಂದು ಹೇಳಿ ಕೊಡುವುದು ನನ್ನ ಕೆಲಸ. ಕೈ ಅಲ್ಲಿದ್ದರೂ ಕಣ್ಣು ಮಾತ್ರ ಅಂಗಡಿ ಮುಂದೆ ಮಲಗುತ್ತಿದ್ದ ಬೀದಿನಾಯಿಗಳ ಮೇಲೇ ಇರುತ್ತಿತ್ತು. ಮಾಲೀಕರು ಎಷ್ಟು ಬೈದರೂ ಆ ಚಾಳಿ ಬಿಡಲಿಲ್ಲ.

ನಮ್ಮದು ಕುರಿ ಕಾಯುವ ಮನೆತನ. ರಾಜೇಶ್ವರದ ಹತ್ತಿರದ ಒಂದು ಸಣ್ಣ ಹಳ್ಳಿ ನಮ್ಮೂರು. ಅಪ್ಪ ಕುರಿ ಬಿಟ್ಟು ಪಟ್ಟಣಕ್ಕೆ ಬಂದು ಮಾಲು ಸಾಗಿಸುವ ಆಟೊ ಇಟ್ಟುಕೊಂಡ. ಅಪ್ಪನ ತಮ್ಮ ಬೀರಪ್ಪ ಕಾಕಾ ಮಾತ್ರ ಇವತ್ತಿಗೂ ಕುರಿಗಳ ಹಿಂದೆಯೇ. ಶಾಲೆಗೆ ರಜೆ ಬಂತೆಂದರೆ ನಾನು ಕಾಕಾನ ಹಿಂದೆ, ಕಾಕಾನ ನಾಯಿ ನನ್ನ ಹಿಂದೆ. ಹೀಗೇ ಬೆಳೆದವಳು ನಾನು.

ನಮ್ಮ ಓಣಿಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಲ್ಯಾಬ್ರಡಾರ್ ಮರಿ ತಂದಿದ್ದರು. ಅದು ಮನೆಯ ಚಪ್ಪಲಿಯನ್ನೆಲ್ಲ ತಿಂದು, ಬಂದವರ ಸೀರೆ ಎಳೆದು ಎಲ್ಲರನ್ನೂ ಹೈರಾಣ ಮಾಡಿತ್ತು. ನಾನು ಸಂಜೆ ಹೊತ್ತು ಹೋಗಿ ಹೋಗಿ ಹದಿನೈದು ದಿನಗಳಲ್ಲಿ ಅದನ್ನು ದಾರಿಗೆ ತಂದೆ. ಆ ಮನೆಯ ಅಮ್ಮನವರು ಹೈದರಾಬಾದಿನಲ್ಲಿ ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ, ಕಲಿಸುವ ಕೋರ್ಸುಗಳೂ ಇವೆ ಎಂದರು. ಅಷ್ಟೇ, ನನ್ನ ತಲೆಯೊಳಗೆ ಹುಳ ಹೊಕ್ಕಿತು.

ಮನೆಯಲ್ಲಿ ಹೇಳಿದರೆ ಅಪ್ಪ ತುತ್ತು ಕೈಯಲ್ಲೇ ಹಿಡಿದು ನಕ್ಕ. "ನಿಮ್ಮಜ್ಜ ನಾಯಿ ಪಳಗಿಸಿದ, ನಿಮ್ಮ ಕಾಕಾ ಪಳಗಿಸ್ಯಾನ. ಅವರೆಲ್ಲಾ ಯಾವ ಸಾಲಿಗೆ ಹೋಗಿದ್ರು? ಕುರುಬರ ಹುಡುಗಿ ನಾಯಿ ಸಾಲಿಗೆ ಹೋಗ್ಯಾಳ ಅಂದ್ರ ಮಂದಿ ನಗತಾರ" ಎಂದ. ಅವ್ವನಿಗೆ ಬೇರೆಯೇ ಚಿಂತೆ. ನೋಡಲು ಬರುವ ಬೀಗರಿಗೆ ಹುಡುಗಿ ಏನು ಓದಿದ್ದಾಳೆಂದು ಹೇಳುವುದು? ನಾನು ಒಂದು ತಿಂಗಳು ಮುಖ ಉಬ್ಬಿಸಿಕೊಂಡು ತಿರುಗಿದ ಮೇಲೆ ಅಪ್ಪ ಮೆತ್ತಗಾದ. ಒಂದೇ ಸಲ, ಸರಿಯಾದ ಜಾಗ ನೋಡಿ ಆರಿಸಿಕೋ, ನಡುವೆ ಬಿಟ್ಟು ಬಂದರೆ ಈ ಮಾತು ಮತ್ತೆ ಮನೆಯಲ್ಲಿ ಎತ್ತಬಾರದು ಎಂದು ಕಟ್ಟು ಹಾಕಿದ.

ಈಗ ನಿಜವಾದ ತಲೆನೋವು ಶುರುವಾಯಿತು. ಮೊಬೈಲಿನಲ್ಲಿ ನೋಡಿದರೆ ಎಲ್ಲ ಕೋರ್ಸೂ ಒಂದಕ್ಕಿಂತ ಒಂದು ಚೆಂದ. ಯಾವುದನ್ನು ಆರಿಸುವುದು? ನೋಡಿ ನೋಡಿ ನನ್ನ ತಲೆ ಮೊಸರುಗಡಿಗೆಯಾಯಿತು. ಅಷ್ಟರಲ್ಲಿ ಹುಮನಾಬಾದಿನ ಒಂದು ಮಂಗಲ ಕಾರ್ಯಾಲಯದ ಬಯಲಿನಲ್ಲಿ ಭಾನುವಾರ ನಾಯಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕುತ್ತಾರೆ, ನಾಯಿ ತರಬೇತಿ ಕೊಡುವ ಇಬ್ಬರು ಬಂದು ಅಲ್ಲೇ ಪ್ರವೇಶವನ್ನೂ ಕೊಡುತ್ತಾರೆ ಎಂಬ ಸುದ್ದಿ ಅಂಗಡಿಗೆ ಬಂತು. ಕಾಕಾನಿಗೂ ತನ್ನ ನಾಯಿ ಮೋತ್ಯಾನಿಗೆ ಸೂಜಿ ಹಾಕಿಸಬೇಕಿತ್ತು. ಭಾನುವಾರ ಬೆಳಿಗ್ಗೆ ಅಪ್ಪನ ಆಟೊದ ಹಿಂದೆ ನಾನು, ಕಾಕಾ, ಮೋತ್ಯಾ ಮೂವರೂ ಹತ್ತಿದೆವು. ನಮ್ಮನ್ನು ಬಯಲಿನಲ್ಲಿ ಇಳಿಸಿ ಅಪ್ಪ ತನ್ನ ಮಾಲು ಮುಟ್ಟಿಸಲು ಹೋದ.

ಒಳಗೆ ಹೋಗುತ್ತಲೇ ನನ್ನ ಕಣ್ಣು ಕುಕ್ಕಿದ್ದು ದೊಡ್ಡ ಬ್ಯಾನರು. ಅದರ ಮುಂದೆ ಖಾಕಿ ಟೋಪಿ ಹಾಕಿ, ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಒಬ್ಬರು ನಿಂತಿದ್ದರು. ನಾನು ಮನಸ್ಸಿನಲ್ಲೇ ಅವರಿಗೆ ಸೀಟಿ ಸರ್ ಎಂದು ಹೆಸರಿಟ್ಟೆ. ಅವರು ಸೀಟಿ ಊದಿದರೆ ಅವರ ನಾಯಿ ಕುಳಿತಿತು, ಮತ್ತೆ ಊದಿದರೆ ರಿಂಗಿನೊಳಗಿಂದ ಹಾರಿತು. ಹೈದರಾಬಾದಿನಲ್ಲಿ ನಲವತ್ತೈದು ದಿನದ ಕೋರ್ಸು, ಡ್ರೆಸ್ಸು, ಬಂಗಾರದ ಅಕ್ಷರದ ಸರ್ಟಿಫಿಕೇಟು. ನಾನು ಪೂರ್ತಿ ಬಿದ್ದುಹೋದೆ.

ಇನ್ನೊಬ್ಬರು ಬೇವಿನ ಮರದ ಕೆಳಗೆ ಕುಳಿತಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಮೂಲ ಬೀದರಿನವರು, ಮೂವತ್ತು ವರ್ಷದಿಂದ ಇದೇ ಕಸುಬಂತೆ. ಬ್ಯಾನರೂ ಇಲ್ಲ, ಸೀಟಿಯೂ ಇಲ್ಲ. ಪಕ್ಕದಲ್ಲಿ ಒಂದು ಮುದಿ ನಾಯಿ ಗೊರಕೆ ಹೊಡೆಯುತ್ತಿತ್ತು. ಜಹೀರಾಬಾದಿನ ಆಚೆ ಒಂದು ತೋಟದಲ್ಲಿ ಆರು ತಿಂಗಳು ಕಲಿಸುತ್ತಾರಂತೆ. ಮೊದಲ ತಿಂಗಳು ಏನು ಕಲಿಸುತ್ತೀರಿ ಮೇಡಂ ಎಂದು ಕೇಳಿದೆ. ನಾಯಿಯನ್ನು ಮುಟ್ಟುವ ಹಾಗಿಲ್ಲ, ಬರೀ ನೋಡಬೇಕು, ನೋಡಿದ್ದನ್ನು ಬರೆಯಬೇಕು ಎಂದರು. ಇಪ್ಪತ್ತು ವರ್ಷದಿಂದ ನೋಡಿದ್ದು ಸಾಲದೇ ಎನಿಸಿತು ನನಗೆ. ನೇರ ಹೋಗಿ ಸೀಟಿ ಸರ್ ಅವರ ಫಾರ್ಮು ತುಂಬಿ, ಹತ್ತನೆಯ ತರಗತಿಯ ಅಸಲಿ ಅಂಕಪಟ್ಟಿಯನ್ನೂ ಹಚ್ಚಿ ಅವರ ಫೈಲಿಗೆ ಸೇರಿಸಿದೆ. ಮೈಕಿನಲ್ಲಿ ತಮ್ಮ ಮಾತು ಮುಗಿದ ಮೇಲೆ ಎಲ್ಲರ ಫಾರ್ಮಿಗೂ ಸಹಿ ಹಾಕಿ ಸೀಟು ಗಟ್ಟಿ ಮಾಡುವುದಾಗಿ ಅವರು ಹೇಳಿದರು.

ಅಷ್ಟರಲ್ಲಿ ಕಾಕಾನಿಗೆ ದುಬಲಗುಂಡಿಯ ಸಂಬಂಧಿಕನೊಬ್ಬ ಸಿಕ್ಕ. ಅವನು ಮಾರಲು ತಂದ ಟಗರು ನೋಡಿ ಈಗ ಬಂದೆ ರೇಣಿ ಎಂದು ಕಾಕಾ ತನ್ನ ಕಂಬಳಿ ನನ್ನ ಕೈಗೆ ಕೊಟ್ಟು ಹೋದ. ಅದೇ ಹೊತ್ತಿಗೆ ಲಸಿಕೆಯ ಮೇಜಿನವರು ಕಾಕಾನ ಆಧಾರ್ ಝೆರಾಕ್ಸ್ ತನ್ನಿ ಎಂದರು. ಕಾರ್ಡು ನನ್ನ ಚೀಲದಲ್ಲೇ ಇತ್ತು. ಒಂದು ಕೈಯಲ್ಲಿ ಸರಪಳಿ, ಒಂದು ಕೈಯಲ್ಲಿ ಕಂಬಳಿ. ಎದುರಿಗೇ ಇದ್ದ ಸೀಟಿ ಸರ್ ಮೇಜಿನ ಮೇಲೆ ಕಂಬಳಿ ಇಟ್ಟೆ, ಸರಪಳಿ ಕೆಳಗೆ ಬಿಟ್ಟೆ. ಕಂಬಳಿಯ ಮೇಲೆ ಎರಡು ಸಲ ಕೈಯಿಂದ ತಟ್ಟಿ ಓಡಿದೆ. ಆ ತಟ್ಟಿದ್ದು ನನ್ನ ತಲೆಗೆ ಗೊತ್ತೇ ಆಗಲಿಲ್ಲ. ರೂಢಿಯ ಕೈ, ತಾನೇ ತಟ್ಟಿತು.

ಆ ತಟ್ಟುವುದರ ಅರ್ಥ ಇಲ್ಲಿ ಹೇಳಬೇಕು. ಕುರಿಗೆ ನೀರು ಕುಡಿಸಲು ಹಳ್ಳಕ್ಕೆ ಇಳಿಯುವಾಗ ನಮ್ಮ ಮನೆತನದವರು ಬುತ್ತಿ ಗಂಟಿನ ಮೇಲೆ ಕಂಬಳಿ ಹಾಕಿ ಎರಡು ಸಲ ತಟ್ಟುತ್ತಾರೆ. ತಟ್ಟಿದ ಮೇಲೆ ನಾಯಿ ಅಲ್ಲಿಂದ ಏಳುವುದಿಲ್ಲ. ಮನೆಯವರು ಯಾರು ತಟ್ಟಿದರೂ ಆಯಿತು, ಎತ್ತುವುದು ಮಾತ್ರ ಕಂಬಳಿಯ ಒಡೆಯನೇ. ಒಮ್ಮೆ ಕಾಕಾನ ಹೆಂಡತಿ ಕಾಕು ಕಂಬಳಿ ಮಡಚಿಡಲು ಹೋಗಿ ಮೋತ್ಯಾನಿಂದ ಗುರ್ ಅನ್ನಿಸಿಕೊಂಡು, ಗಂಡ ಬರುವತನಕ ಬಿಸಿಲಲ್ಲಿ ನಿಂತು ಇಬ್ಬರನ್ನೂ ಬೈದಿದ್ದಳು.

ಝೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಹೋಗಿತ್ತು. ಅರ್ಧ ಗಂಟೆ ಕಾಯ್ದು ಬಂದು ನೋಡಿದರೆ ಬಯಲಿನ ಮಂದಿಯೆಲ್ಲ ಒಂದೇ ಕಡೆ ಮುತ್ತಿಕೊಂಡಿದ್ದರು. ನುಗ್ಗಿ ಒಳಗೆ ಹೋದೆ. ಮೋತ್ಯಾ ಮೇಜಿನ ಮೇಲೆ ಹತ್ತಿ ಕಂಬಳಿಯ ಪಕ್ಕದಲ್ಲಿ ಮನೆಯ ಯಜಮಾನನಂತೆ ಕುಳಿತಿದ್ದ. ಕಂಬಳಿಯ ಕೆಳಗೆ ಸೀಟಿ ಸರ್ ಮೈಕು, ಕಾರಿನ ಕೀಲಿ, ಎಲ್ಲರ ಫಾರ್ಮುಗಳ ಫೈಲು. ನನ್ನ ಅಂಕಪಟ್ಟಿಯೂ ಅದರಲ್ಲೇ. ಸೀಟಿ ಸರ್ ಮಾತು ಶುರು ಮಾಡುವ ಹೊತ್ತು ಎಂದೋ ಮೀರಿತ್ತು.

ಅವರು ಮೊದಮೊದಲು ನಗುನಗುತ್ತಲೇ, ಎರಡೇ ನಿಮಿಷದಲ್ಲಿ ಇಳಿಸುತ್ತೇನೆ ನೋಡಿ ಎಂದಿದ್ದರಂತೆ. ಸಿಟ್ ಎಂದರು, ಕಮ್ ಎಂದರು, ಸೀಟಿ ಊದಿದರು. ಮೋತ್ಯಾ ಆ ಕಡೆ ತಿರುಗಿಯೂ ನೋಡಲಿಲ್ಲ. ಬಿಸ್ಕತ್ತು ಎಸೆದರು, ಮೂಸಿ ಬಿಟ್ಟ. ಹುಡುಗರು ಮೊಬೈಲಿನಲ್ಲಿ ವಿಡಿಯೊ ಮಾಡುತ್ತ ನಗುತ್ತಿದ್ದರು. ನಾನು ಹೋಗಿ ಕಂಬಳಿಗೆ ಕೈ ಹಾಕಿದೆ. ಗುರ್ ಅಂದ! ಚಿಕ್ಕಂದಿನಿಂದ ರೊಟ್ಟಿ ಹಾಕಿದ ನನಗೇ ಗುರ್ ಅಂದ. ಕಾಕಾನಿಗೆ ಫೋನು ಹಚ್ಚಿದೆ. ಫೋನು ಮೋತ್ಯಾನ ಮೂಗಿನ ಕೆಳಗೆ ಕಂಬಳಿಯ ಮಡಿಕೆಯೊಳಗೇ ಟ್ರಿಣ್ ಟ್ರಿಣ್ ಎಂದಿತು. ಮಂದಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನಗೂ ನಗು ಬಂತು, ಆದರೆ ಸೀಟಿ ಸರ್ ಮುಖ ನೋಡಿ ಅಲ್ಲೇ ನಿಂತುಹೋಯಿತು.

ಅವರು ತಮ್ಮ ಹುಡುಗನಿಂದ ಕುಣಿಕೆ ಕಟ್ಟಿದ ಉದ್ದನೆಯ ಕೋಲು ತರಿಸಿದ್ದರು. ಆ ಕುಣಿಕೆ ಬಿದ್ದರೆ ಮೋತ್ಯಾ ಸುಮ್ಮನಿರುವ ನಾಯಿಯಲ್ಲ. ಕಚ್ಚುತ್ತಾನೆ, ಇಲ್ಲವೇ ಉಸಿರು ಕಟ್ಟಿಸಿಕೊಳ್ಳುತ್ತಾನೆ. ನಾನು ಮೇಜಿಗೆ ಅಡ್ಡ ನಿಂತು ಕಾಕಾ ಬರುವತನಕ ತಾಳಿ ಎಂದು ಬೇಡಿಕೊಂಡೆ. ನಾಳೆಯಿಂದ ನೀನು ನನ್ನ ವಿದ್ಯಾರ್ಥಿನಿ, ನಾಯಿ ಮೊದಲು ಅಂಜಬೇಕು, ಇದೇ ಮೊದಲ ಪಾಠ ಎಂದುಕೋ, ಆಚೆ ಸರಿ ಎಂದರು ಅವರು. ನನ್ನ ಸೀಟು ಅವರ ಸಹಿಯಲ್ಲಿತ್ತು. ಸರಿಯದಿದ್ದರೆ ಅದು ಹೋದಂತೆಯೇ. ಆದರೂ ಕಾಲು ಅಲ್ಲಿಂದ ಏಳಲಿಲ್ಲ.

"ಸರ್, ಅದು ತಪ್ಪು ಮಾಡಿಲ್ರಿ. ಹೇಳಿದ ಕೆಲಸ ಮಾಡಾಕತ್ತದ" ಎಂದೆ.

ಆಗ ಬೇವಿನ ಮರದ ಮೇಡಂ ಬಂದರು. ಮಂದಿಯನ್ನು ಹತ್ತು ಹೆಜ್ಜೆ ಹಿಂದೆ ಸರಿಸಿದರು. ಒಂದು ಬಟ್ಟಲಲ್ಲಿ ನೀರು ತುಂಬಿ ಮೇಜಿನ ತುದಿಗೆ ಇಟ್ಟು, ಮೋತ್ಯಾನ ಕಡೆ ನೋಡದೆ ನೆಲದ ಮೇಲೇ ಕುಳಿತರು. ಕೋಲು ಹಿಡಿದವರಿಗೆ, ನಾಯಿ ಯಾರಿಗೂ ಏನೂ ಮಾಡಿಲ್ಲವಲ್ಲ ಸಾಹೇಬರೇ, ಒಡೆಯ ಬರಲಿ ಎಂದು ಮೆತ್ತಗೆ ಹೇಳಿದರು. ಸೇರಿದ ಮಂದಿಯೂ ಹೌದು ಹೌದೆಂದದ್ದರಿಂದ ಸೀಟಿ ಸರ್ ಕೋಲು ಗೋಡೆಗೆ ಆನಿಸಿ ದುರುಗುಟ್ಟುತ್ತ ನಿಂತರು. ಮೋತ್ಯಾ ಸ್ವಲ್ಪ ಹೊತ್ತು ಬಿಟ್ಟು ಒಂದು ಕಾಲನ್ನು ಕಂಬಳಿಯ ಮೇಲೇ ಇಟ್ಟುಕೊಂಡು ನೀರು ಕುಡಿದ.

ಮೇಡಂ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಇದನ್ನು ಹೇಗೆ ಕಲಿಸಿದಿರಿ ಎಂದು ಕೇಳಿದರು. ಮೂವತ್ತು ವರ್ಷ ನಾಯಿಗಳ ನಡುವೆ ಇದ್ದವರಿಗೆ ನಾನೇನು ಹೇಳುವುದೆಂದು ಸಂಕೋಚಪಟ್ಟೆ.

"ನನಗ ಗೊತ್ತಿಲ್ಲವ್ವ. ನೀ ಹೇಳು, ನಾ ಬರಕೋತೀನಿ" ಎಂದು ಅವರು ಪುಸ್ತಕ ತೆಗೆದರು.

ನಾನು ಹೇಳುತ್ತ ಹೋದೆ. ಮರಿಯನ್ನು ಮೊದಲು ಒಡೆಯನ ಕಂಬಳಿಯ ಮೇಲೇ ಮಲಗಿಸುತ್ತೇವೆ. ಕಂಬಳಿ ಎತ್ತಿದ ಮೇಲೆಯೇ ಒಡೆಯನ ಕೈಯಿಂದ ರೊಟ್ಟಿ. ಮೊದಲು ಹತ್ತು ಹೆಜ್ಜೆ ದೂರ ಹೋಗುವುದು, ಆಮೇಲೆ ಬದುವಿನ ಆಚೆ, ಆಮೇಲೆ ಕಣ್ಣಿಗೆ ಕಾಣದಷ್ಟು. ಮರಿ ಎದ್ದು ಹಿಂದೆ ಬಂದರೆ ಬಡಿಯುವುದಿಲ್ಲ, ಮತ್ತೆ ಹತ್ತು ಹೆಜ್ಜೆಯಿಂದಲೇ ಶುರು. ಹೇಳುತ್ತಿದ್ದರೆ ನನಗೇ ಅಚ್ಚರಿಯಾಯಿತು. ಇಷ್ಟೆಲ್ಲ ಕಣ್ಣೆದುರು ನಡೆದದ್ದೇ, ಆದರೂ ಇದೊಂದು ವಿದ್ಯೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಇಪ್ಪತ್ತು ವರ್ಷ ನೋಡಿದ್ದೇನೆ ಎಂದು ಬೀಗಿದ ನಾನು ನಿಜವಾಗಿ ಏನೂ ನೋಡಿರಲಿಲ್ಲ.

ಕಾಕಾ ಬಂದಾಗ ಮಧ್ಯಾಹ್ನ ತಿರುಗಿತ್ತು. ಗುಂಪು ನೋಡಿ ಮೋತ್ಯಾ ಸತ್ತೇಹೋದನೆಂದು ತಿಳಿದು ಮುಂಡಾಸು ಬಿಚ್ಚಿಹೋಗುವಂತೆ ಓಡಿ ಬಂದ. ಮೇಜಿನ ಮೇಲೆ ಅವನು ಆರಾಮವಾಗಿ ಕುಳಿತದ್ದು ಕಂಡು ಉಸಿರು ಬಿಟ್ಟ. ಕಂಬಳಿ ಎತ್ತಿ, ಝಾಡಿಸಿ, ಹೆಗಲಿಗೆ ಹಾಕಿಕೊಂಡು ಜೇಬಿನಿಂದ ರೊಟ್ಟಿಯ ತುಣುಕು ತೆಗೆದು ಕೊಟ್ಟ. ಮೋತ್ಯಾ ಬಾಲ ಅಲ್ಲಾಡಿಸುತ್ತ ಕೆಳಗೆ ಹಾರಿ, ನೇರ ಹೋಗಿ ಸೀಟಿ ಸರ್ ಬ್ಯಾನರಿನ ಕಂಬಕ್ಕೆ ಕಾಲೆತ್ತಿದ. ಪಾಪ, ಎಷ್ಟು ಹೊತ್ತಿನಿಂದ ತಡೆದಿದ್ದನೋ!

ಕಾಕಾನಿಗೆ ಆಗಿದ್ದೇನೆಂದು ತಿಳಿದಿರಲಿಲ್ಲ. ತನ್ನ ನಾಯಿ ಅವರಿಗೊಂದು ಉಪಕಾರ ಮಾಡಿದೆ ಎಂದೇ ಅವನ ಲೆಕ್ಕ. ಸೀಟಿ ಸರ್‌ಗೆ ಕೈ ಮುಗಿದು, "ನಿಮ್ಮ ಸಾಮಾನು ಬರೋಬರ್ ಅವ ನೋಡ್ಕೊಳ್ರಿ. ನಮ್ಮ ಮೋತ್ಯಾ ಕುಂತಲ್ಲಿ ಒಂದು ಕಾಗದನೂ ಹೋಗಂಗಿಲ್ರಿ" ಎಂದ. ಸುತ್ತಲಿನವರು ನಕ್ಕ ನಗೆಗೆ ಬೇವಿನ ಮರದ ಕೆಳಗಿನ ಮುದಿ ನಾಯಿಯೂ ಎಚ್ಚರಾಗಿ ಒಮ್ಮೆ ಬೊಗಳಿತು.

ಫೈಲಿನಿಂದ ನನ್ನ ಫಾರ್ಮು, ಅಂಕಪಟ್ಟಿ ವಾಪಸು ಕೇಳಿ ತೆಗೆದುಕೊಂಡೆ. ಮುಂದೆ ಪಶ್ಚಾತ್ತಾಪ ಪಡುತ್ತೀ ಎಂದರು ಸೀಟಿ ಸರ್. ಇರಬಹುದು ಸರ್ ಎಂದು ಬೇವಿನ ಮರದತ್ತ ನಡೆದೆ. ಮೇಡಂ ಹತ್ತಿರ ಫಾರ್ಮೇ ಇರಲಿಲ್ಲ. ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ನನ್ನ ಹೆಸರು ಬರೆದುಕೊಂಡರು.

ಗಡಿಬಿಡಿಯಲ್ಲಿ ಮೋತ್ಯಾನಿಗೆ ಸೂಜಿ ಹಾಕಿಸುವುದು ಮರೆತೇ ಹೋಗಿತ್ತು. ನೆನಪಾಗಿ ಓಡಿದಾಗ ಡಾಕ್ಟರು ಪೆಟ್ಟಿಗೆ ಮುಚ್ಚುತ್ತಿದ್ದರು. ನಗುತ್ತಲೇ ಮತ್ತೆ ತೆಗೆದು, ಈ ಸಾಹೇಬನಿಗೆ ಹಾಕದೆ ಹೋಗುವುದುಂಟೇ ಎಂದು ಹಾಕಿದರು.

ಸಂಜೆ ಆಟೊದಲ್ಲಿ ಕಾಕಾ ಅಪ್ಪನಿಗೆ ಇಡೀ ಕಥೆ ಹೇಳಿದ. ಅಪ್ಪ ನಗುತ್ತ ಎರಡು ಸಲ ಗಾಡಿ ರಸ್ತೆಯ ಪಕ್ಕಕ್ಕೆ ನಿಲ್ಲಿಸಿದ. ನಾನು ಆರು ತಿಂಗಳ ಕೋರ್ಸು ಹಿಡಿದೆ ಎಂದಾಗ ಮಾತ್ರ ನಗು ನಿಂತಿತು. ಯಾಕೆಂದು ಕೇಳಿದ. ಮೇಡಂ ನನ್ನನ್ನು ಕೇಳಿದ್ದನ್ನೂ ಬರೆದುಕೊಂಡದ್ದನ್ನೂ ಹೇಳಿದೆ. ಅಪ್ಪ ಗಾಡಿಯ ವೇಗ ಇಳಿಸಿದ.

"ಅಷ್ಟು ಮಂದಿ ಮುಂದ ನನಗ ಗೊತ್ತಿಲ್ಲ ಅಂದ್ರಾ? ಹಂಗಾದ್ರ ಅವರ ಹತ್ರನೇ ಕಲಿ" ಎಂದ.

ಜಹೀರಾಬಾದಿನ ತೋಟಕ್ಕೆ ಹೋದ ಮೊದಲ ದಿನ ಮೇಡಂ ನಮ್ಮ ಐದು ಜನ ವಿದ್ಯಾರ್ಥಿಗಳಿಗೂ ಒಂದೊಂದು ಹಾಳೆ ಕೊಟ್ಟರು. ಮೊದಲ ಪಾಠ ಅಂದರು. ನೋಡಿದರೆ ನಾನು ಅಂದು ಹೇಳಿದ ಕಂಬಳಿಯ ವಿದ್ಯೆಯೇ, ಹತ್ತು ಹೆಜ್ಜೆ, ಬದು, ರೊಟ್ಟಿ ಎಲ್ಲ ಸಹಿತ. ಮೇಲ್ಗಡೆ, ಕಲಿಸಿದವರು ಎಂಬ ಮಾತಿನ ಮುಂದೆ ಕಾಕಾನ ಹೆಸರು, ನಮ್ಮ ಹಳ್ಳಿಯ ಹೆಸರು. ಕಣ್ಣು ಮಂಜಾಗಿ ಮುಂದಿನ ಸಾಲು ಓದಲಾಗಲಿಲ್ಲ. ಹೊರಗೆ ಬಂದು ಕಾಕಾನಿಗೆ ಫೋನು ಮಾಡಿದೆ. ಕಾಕಾನಿಗೆ ಓದು ಬರುವುದಿಲ್ಲ. ತನ್ನ ಹೆಸರು ಪಾಠದಲ್ಲಿ ಬಂದಿದೆ ಎಂದು ನಂಬಿಸಲು ಎರಡೆರಡು ಸಲ ಹೇಳಬೇಕಾಯಿತು.

ಈಗ ನಾನು ಬಸವಕಲ್ಯಾಣದಲ್ಲೇ ಇದ್ದೇನೆ. ಹುಮನಾಬಾದಿನಿಂದಲೂ ನಾಯಿಗಳನ್ನು ಕರೆತರುತ್ತಾರೆ. ಹೇಳಿದ ಮಾತು ಕೇಳುವುದಿಲ್ಲ ಎಂದು ದೂರುವವರೇ ಹೆಚ್ಚು. ನಾನು ಮೊದಲು ದೂರದಲ್ಲಿ ಕುಳಿತು ಅದು ಯಾರ ಮಾತು ಕೇಳುತ್ತಿದೆ ಎಂದು ನೋಡುತ್ತೇನೆ. ಹಾಗೆ ಕುಳಿತಾಗಲೆಲ್ಲ ಆ ದಿನ ಫೋನಿನಲ್ಲಿ ಕಾಕಾ ಕೊನೆಗೆ ಕೇಳಿದ ಮಾತು ನೆನಪಾಗಿ ಒಬ್ಬಳೇ ನಗುತ್ತೇನೆ.

"ನನ್ನ ಹೆಸರು ಇರಲಿ ರೇಣಿ, ಮೋತ್ಯಾನ ಹೆಸರು ಬರದಾರಿಲ್ಲೋ?"

ಆಗ ಕಣ್ಣೊರೆಸಿಕೊಂಡು ಕೈಯಲ್ಲಿದ್ದ ಹಾಳೆ ಮತ್ತೆ ನೋಡಿದ್ದೆ. ಕಾಕಾನ ಹೆಸರಿನ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಮೋತ್ಯಾ ಎಂದು ಬರೆದಿದ್ದರು.