ಎಂಟನೆಯ ಎಡೆ

2023ರಲ್ಲಿ ನನಗೆ ಐವತ್ತಮೂರು ವರ್ಷ. ಶಾಲೆಯಿಂದ ಸ್ವಯಂ ನಿವೃತ್ತಿ ಪಡೆದು ಹಗರಿಬೊಮ್ಮನಹಳ್ಳಿಯ ಮನೆಯಲ್ಲಿದ್ದ ನಾನು, ಇನ್ನೂರು ಪುಟದ ನೋಟ್‌ಬುಕ್ಕಿಗೆ ಅಂಚುಗೆರೆ ಎಳೆದು ನಮ್ಮ ಮನೆತನದ ವಂಶಾವಳಿ ಬರೆಯತೊಡಗಿದೆ. ನಿಯಮ ಒಂದೇ: ಪರಸ್ಪರ ಮಾತಾಡಿಕೊಳ್ಳದೆ ಇಬ್ಬರೂ ಹೇಳಿದ ಸಂಗತಿ ಮಾತ್ರ ಶಾಯಿಯಲ್ಲಿ, ಉಳಿದದ್ದು ಪೆನ್ಸಿಲ್ಲಿನಲ್ಲಿ.

ತೀರಿಕೊಂಡ ಹಿರಿಯರಲ್ಲಿ ಏಳು ಮಂದಿ ಶಾಯಿಗೆ ಬಂದರು. ಆ ವರ್ಷದ ಮಹಾಲಯ ಅಮಾವಾಸ್ಯೆಯಂದು ಅವ್ವ ಹಿರಿಯರಿಗೆ ಎಡೆ ಹಾಕುವಾಗ ನಾನು ಮೊದಲ ಬಾರಿಗೆ ಎಲೆಗಳನ್ನು ಎಣಿಸಿದೆ. ಎಂಟಿದ್ದವು. ಏಳರ ಮುಂದೆ ಹೊಸ ಪಂಚೆ, ಸೀರೆ. ಎಂಟನೆಯದರ ಮುಂದೆ ಒಂದು ಕರಿ ಕಂಬಳಿ. ಯಾರದೆಂದು ಕೇಳಿದೆ. ಮೊದಲಿನಿಂದಲೂ ಹಾಕುತ್ತ ಬಂದದ್ದು, ಯಾರೋ ದೂರದ ಸಂಬಂಧ ಎಂದು ಅವ್ವ ಹೋಳಿಗೆ ಬಡಿಸಲು ಬಾಗಿದಳು.

ಮರುವಾರ ಕೊಟ್ಟೂರಿಗೆ ಹೋಗಿ ಅಪ್ಪನ ಅಕ್ಕನನ್ನು ಕೇಳಿದೆ. ಅತ್ತೆಯೂ ಅದನ್ನೇ ಹೇಳಿದಳು: ಮೊದಲಿನಿಂದಲೂ ಹಾಕುತ್ತ ಬಂದದ್ದು, ಯಾರೋ ದೂರದ ಸಂಬಂಧ. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದವನಿಗೆ ನಕಲು ತಿಳಿಯದೆ ಇರುತ್ತದೆಯೆ? ಪದಕ್ಕೆ ಪದ ಹೊಂದುವ ಎರಡು ಉತ್ತರಗಳಲ್ಲಿ ಒಂದು ಪಕ್ಕದವರದು. ನಾನು ಕೊಟ್ಟೂರು ಮುಟ್ಟುವ ಮೊದಲೇ ಅವ್ವನ ಫೋನು ಮುಟ್ಟಿತ್ತು.

ಅಲ್ಲಿಂದ ನನ್ನ ಸಂಶಯ ಅಜ್ಜನ ಮೇಲೆ ತಿರುಗಿತು. ಇಷ್ಟು ಮುಚ್ಚಿಡುತ್ತಾರೆಂದರೆ, ಹೆಸರು ಹೇಳಲಾಗದ ಹೆಂಗಸೊಬ್ಬಳು ಆತನ ಬದುಕಿನಲ್ಲಿದ್ದಿರಬೇಕು. ಹಾಗಾದರೆ ನಮ್ಮಪ್ಪ ಯಾರ ಹೊಟ್ಟೆಯ ಮಗ? ಗೋಡೆಯ ಮೇಲಿನ ಫೋಟೋಗಳನ್ನು ಇಳಿಸಿ ಅಜ್ಜ ಮತ್ತು ಅಪ್ಪನ ಕಿವಿಗಳನ್ನು ಹೋಲಿಸಿ ನೋಡಿದೆ. ನಿಜವಾಗಿ ಹೋಲಿಸಬೇಕಾದ ಅಜ್ಜಿಯ ಫೋಟೋ ಇರಲಿಲ್ಲ; ಅದೂ ನನಗೆ ಸಂಶಯಾಸ್ಪದವಾಗಿಯೇ ತೋರಿತು. ಹಳೆಯ ಮರಣದಾಖಲೆ ಹುಡುಕಿಸಲು ಕಚೇರಿಗೆ ಹೋದರೆ, ಹೆಸರಿಲ್ಲದವರನ್ನು ಯಾವ ಅಕ್ಷರದಲ್ಲಿ ಹುಡುಕಲಿ ಎಂದು ಗುಮಾಸ್ತರು ಕೇಳಿದರು.

ಮರುವರ್ಷ ಅಮಾವಾಸ್ಯೆ ಸಮೀಪಿಸಿದಾಗ ನಾನು ತೀರ್ಮಾನ ತಿಳಿಸಿದೆ: ಹೆಸರು ಹೇಳದಿದ್ದರೆ ಎಂಟನೆಯ ಎಡೆ ಇಲ್ಲ. ಅವ್ವ ಮೊರದಿಂದ ತಲೆ ಎತ್ತಲಿಲ್ಲ.

“ಹೆಸರು ಗೊತ್ತಿದ್ದೋರಿಗಷ್ಟ ಹಸಿವಾಗತೈತೇನಪ್ಪ? ಹಿರೇರ ಹಾಜರಿ ತಗೊಳ್ಳಾಕ ಕುಂತೀಯೇನು?”

ಕಂಬಳಿಯನ್ನು ಹೊಳಲು ಎಂಬ ಊರಿನ ಕುರಿ ಸಾಕುವವರ ಒಂದೇ ಮನೆಯಿಂದ ತರಿಸಬೇಕೆಂಬುದು ಅವ್ವನ ಕಟ್ಟಳೆ. ಈ ಸಲ ನಾನೇ ತರುತ್ತೇನೆ ಎಂದೆ. ಆಕೆ ಬೇಡವೆಂದ ರಭಸವೇ ನನ್ನನ್ನು ಬಸ್ಸು ಹತ್ತಿಸಿತು.

ಆ ಮನೆಯ ಯಜಮಾನರಿಗೆ ಎಂಬತ್ತರ ಆಸುಪಾಸು. ನಾನು ಯಾರೆಂದು ಅವರು ಕೇಳಲೇ ಇಲ್ಲ. ಕಂಬಳಿಯನ್ನು ನನ್ನ ಮುಂದಿಟ್ಟು ಮಾತು ತೆಗೆದರು.

“ನಿಮ್ಮವ್ವಾರು ಫೋನ್ ಮಾಡಿದ್ರು. ಮಾಸ್ತರು ಬರ್ತಾರ, ಏನೂ ಹೇಳಬ್ಯಾಡ್ರಿ ಅಂದ್ರು. ಎಡಿ ನಿಂದ್ರಸ್ತೀನಿ ಅಂತಾರ ಅಂತಾನೂ ಅಂದ್ರು. ಅದಕ್ಕ ಹೇಳಾಕತ್ತೀನಿ.”

ನನ್ನ ಮುತ್ತಜ್ಜ ಹುಟ್ಟಿದ ಐದನೆಯ ದಿನ ಅವನ ತಾಯಿ ತೀರಿಕೊಂಡಳಂತೆ. ಈ ಯಜಮಾನರ ಮುತ್ತಜ್ಜಿ ನಮ್ಮ ಮನೆಗೆ ಬಂದು, ಎರಡು ವರ್ಷ ಮೊಲೆಹಾಲು ಕೊಟ್ಟು ಅವನನ್ನು ಉಳಿಸಿದಳಂತೆ. ಬೇರೆ ಜಾತಿಯವಳ ಹಾಲೆಂದು ಬೀಗರು ಆಡಿಕೊಂಡಾರೆಂಬ ಅಂಜಿಕೆಯಿಂದ ನಮ್ಮ ಮನೆಯ ಹೆಂಗಸರು ಎಡೆ ಇಟ್ಟರು, ಬಾಯಿ ಮಾತ್ರ ಬಿಡಲಿಲ್ಲ. ನಾನು ಆಕೆಯ ಹೆಸರು ಕೇಳಿದೆ.

“ನಮಗೂ ಗೊತ್ತಿಲ್ರಿ. ನಮ್ಮ ಮನ್ಯಾಗ ಆಕೀಗಿ ಎಡಿ ಹಾಕಂಗಿಲ್ಲ. ಆಕಿ ಎಡಿ ನಿಮ್ಮ ಮನ್ಯಾಗ ಐತಿ ಅಂತ ನಮ್ಮ ಹಿರಿಯಾರು ಬಿಟ್ಟುಕೊಟ್ಟಾರ.”

ಬಸ್ಸಿನಲ್ಲಿ ಕಂಬಳಿ ತೊಡೆಯ ಮೇಲಿತ್ತು, ಸಂಶಯವೂ ಜೊತೆಗಿತ್ತು. ಇದೂ ಹೇಳಿಕೊಟ್ಟ ಪಾಠವಾಗಿರಬಹುದೆ? ಆದರೆ ಹೇಳಬೇಡವೆಂದ ಮೇಲೂ ಹೇಳಿದ್ದು ನಕಲಾಗಲಾರದು. ಹೊಸಿಲು ದಾಟುವಾಗ ಅವ್ವ ನನ್ನ ಮುಖ ನೋಡಿದಳು. “ಹೇಳಿಬಿಟ್ರೇನು?” ಎಂದಷ್ಟೇ ಕೇಳಿದಳು. ಆ ಪ್ರಶ್ನೆಯಲ್ಲೇ ನನಗೆ ಎರಡನೆಯ ಸಾಕ್ಷಿ ಸಿಕ್ಕಿತು.

ನೋಟ್‌ಬುಕ್ಕಿನಲ್ಲಿ ಎಂಟನೆಯ ಎಡೆಗೆಂದು ಪೆನ್ಸಿಲ್ಲಿನಲ್ಲಿ ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ರಬ್ಬರಿನಿಂದ ಅಳಿಸಿ ಶಾಯಿಯಲ್ಲಿ ಬರೆದೆ: “ಮುತ್ತಜ್ಜನಿಗೆ ಹಾಲೂಡಿದ ತಾಯಿ, ಹೊಳಲು. ಹೆಸರು ತಿಳಿಯದು.” ಎಂಟನೆಯ ಎಲೆಯನ್ನು ನನ್ನ ಕೈಯಾರೆ ಹಾಸಿ ಅದರ ಮುಂದೆ ಕಂಬಳಿ ಇಟ್ಟದ್ದು 2024ರ ಅಕ್ಟೋಬರ್ 2ರ ಬುಧವಾರ.