ಅಕ್ಕನ ಕೆನ್ನೆಯ ಮೇಲೆ ಬಿದ್ದ ಗೆರೆಗಳು

ಲಕ್ಷ್ಮೇಶ್ವರದ ಬಜಾರದಲ್ಲಿ ನನ್ನ ಅಕ್ಕ ಬಳೆ ಮಾರುತ್ತಿದ್ದಳು. ಕ್ಯಾನ್ಸರ್ ಆಗಿ ಅವಳ ಬಲಗಣ್ಣನ್ನೂ ಅದರ ಕೆಳಗಿನ ಎಲುಬನ್ನೂ ತೆಗೆದ ಮೇಲೆ ಅಂಗಡಿಗೆ ಹೋಗುವುದನ್ನು ಬಿಟ್ಟಳು. ಮನೆಯೊಳಗೂ ಮುಖದ ಸೆರಗು ಸರಿಸುತ್ತಿರಲಿಲ್ಲ.

ಗದಗ ಜಿಲ್ಲೆಯಾದ ಮೇಲೆ ಅಲ್ಲಿ ಶುರುವಾದ ಒಂದು ದವಾಖಾನೆಯಲ್ಲಿ ಮುಖದಲ್ಲಿ ಕಳೆದುಹೋದ ಭಾಗವನ್ನು ಮಾಡಿಕೊಡುತ್ತಾರೆಂದು ಕೇಳಿ ಅವಳನ್ನು ಕರೆದೊಯ್ದೆ. ಹಿಂದೊಮ್ಮೆ ಬೇರೆ ಕಡೆ ಅಚ್ಚು ತೆಗೆಯಲು ಮುಖಕ್ಕೆ ಏನೋ ಮೆತ್ತಿದಾಗ ಅವಳಿಗೆ ಉಸಿರುಕಟ್ಟಿತ್ತು. ಆ ಹೆದರಿಕೆ ಇನ್ನೂ ಹೋಗಿರಲಿಲ್ಲ.

"ಏನ ಹಚ್ಚತೀರಿ?" ಎಂದು ಅಲ್ಲಿನ ಡಾಕ್ಟರಮ್ಮನನ್ನು ಕೇಳಿದಳು.

"ಏನೂ ಹಚ್ಚೂದಿಲ್ರಿ ಅಕ್ಕಾರ. ಬರೇ ಬೆಳಕ. ಅಳ್ಳಾಡದಂಗ ಕುಂಡ್ರಿ, ಆತು."

ದೀಪ ಆರಿಸಿದಾಗ ಎದುರಿನ ಯಂತ್ರದಿಂದ ಅವಳ ಮುಖದ ಮೇಲೆ ಕಪ್ಪು ಬಿಳಿ ಗೆರೆಗಳು ಬಿದ್ದವು. ಹಿಂದಿನ ಗೋಡೆಯ ಮೇಲೆ ನೆಟ್ಟಗಿದ್ದ ಗೆರೆಗಳು ಮೂಗಿನ ಮೇಲೆ ಬಾಗಿದವು, ಕಣ್ಣಿದ್ದ ಕುಳಿಯಲ್ಲಿ ಒಳಗೆ ಜರುಗಿದವು. ಗೆರೆ ಎಲ್ಲಿ ಎಷ್ಟು ಬಾಗಿತೆಂದು ಕ್ಯಾಮೆರಾ ನೋಡುತ್ತದೆ, ಅದರಿಂದ ಕಂಪ್ಯೂಟರ್ ಉಬ್ಬುತಗ್ಗು ಅಳೆಯುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಎಡಗಣ್ಣು, ಎಡಗೆನ್ನೆಯ ಆಕಾರವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುವಿ ಬಲಗಡೆಯದನ್ನು ಮಾಡಿದರು.

ಹಾಗೆ ಮಾಡಿದ ರಬ್ಬರಿನಂಥ ಮೆತ್ತನೆಯ ತುಂಡನ್ನು ಕನ್ನಡಕಕ್ಕೆ ಕೂಡಿಸಿ ಕೊಟ್ಟ ಮರುದಿನವೇ ಅಕ್ಕ ಅಂಗಡಿ ತೆರೆದಳು.

"ಖರೆ ಹೇಳ ತಂಗಿ, ಗೊತ್ತಾಗತೈತೇನು?"

"ಇಲ್ಲ," ಎಂದೆ. ಹತ್ತಿರ ಬಂದರೆ ಗೊತ್ತಾಗುತ್ತಿತ್ತು. ಅವಳಿಗೂ ಅದು ತಿಳಿದಿತ್ತು. ಆದರೂ ನಕ್ಕಳು. ಆ ಬೇಸಿಗೆಯೆಲ್ಲ ಹುಡುಗಿಯರ ಕೈ ಹಿಡಿದು ಬಳೆ ಇಡಿಸಿದಳು.

ಮಳೆಗಾಲಕ್ಕೆ ಆ ತುಂಡು ಮುಖಕ್ಕೆ ಕೂಡದಾಯಿತು. ಮತ್ತೆ ಗದಗಿಗೆ ಹೋದೆವು. ಡಾಕ್ಟರಮ್ಮ ಹೊಸ ಅಳತೆಯನ್ನು ಹಳೆಯದರ ಮೇಲಿಟ್ಟರು. ಬದಲಾದ ಜಾಗ ಪರದೆಯ ಮೇಲೆ ಕೆಂಪಾಗಿ ಕಾಣುತ್ತದೆ. ಕುಳಿಯ ಅಂಚಿನಿಂದ ಮೂಗಿನವರೆಗೆ ಕೆಂಪು ಹಬ್ಬಿತ್ತು. ನಮ್ಮ ಕಣ್ಣಿಗೆ ಅಲ್ಲಿ ಬಾವು ಇನ್ನೂ ಕಂಡಿರಲಿಲ್ಲ.

ಅಕ್ಕನೇ ಕೇಳಿದಳು: "ತಿರಗಿ ಬಂದೈತೇನ್ರಿ?"

"ತಪಾಸ ಮಾಡಸೂಣ್ರಿ," ಎಂದರು ಡಾಕ್ಟರಮ್ಮ, ಅವಳ ಮುಖ ನೋಡದೆ.

ತಿರುಗಿ ಬಂದಿತ್ತು. ಕೂಡದ ಆ ತುಂಡನ್ನೇ ಸೆರಗಿನಿಂದ ಬಿಗಿದುಕೊಂಡು ಅಕ್ಕ ಕೈಲಾಗುವವರೆಗೂ ಅಂಗಡಿಯಲ್ಲಿ ಕುಳಿತಳು. ಯುಗಾದಿಗೆ ಮೊದಲೇ ತೀರಿಕೊಂಡಳು.

ಸುದ್ದಿ ಹೇಳಲು ದವಾಖಾನೆಗೆ ಹೋದಾಗ ಡಾಕ್ಟರಮ್ಮ ಮೆಲ್ಲಗೆ, "ಅವರ ಅಳತಿ ಇನ್ನೂ ಐತ್ರಿ. ನೋಡತೀರೇನು?" ಎಂದರು. ಬಣ್ಣವಿಲ್ಲದ ಬೂದಿ ಮುಖವೊಂದು ಪರದೆಯ ಮೇಲೆ ತಿರುಗಿತು. ಅಳೆಯುವಾಗ ಮೂಗುಬಟ್ಟು ತೆಗೆಸಿದ್ದರು. ಅದರ ತೂತಿನ ಸಣ್ಣ ತಗ್ಗು ಕೂಡ ಮೂಗಿನ ಮೇಲೆ ಹಾಗೇ ಇತ್ತು. ನಾನು ಕೈ ಚಾಚಿದೆ. ಬೆರಳಿಗೆ ಗಾಜು ತಾಗಿತು.

"ಸಾಕ್ರಿ," ಎಂದೆ. "ಬಂದ ಮಾಡ್ರಿ."