ಶೇಂಗಾ ಆರಿಸುವ ಕೈ

ಕಾಚಿಗೂಡದ ನಮ್ಮ ಓಣಿಯಲ್ಲಿ ಸುಂದರಾಬಾಯಿಯವರ ಮನೆಗೆ ಹೋದರೆ ಚಹಾಕ್ಕಿಂತ ಮೊದಲು ಒಂದು ತಟ್ಟೆ ಶೇಂಗಾ ಬರುತ್ತದೆ. ನಮ್ಮೊಡನೆ ಮಾತನಾಡುತ್ತಲೇ ಅವರ ಬೆರಳುಗಳು ತಟ್ಟೆಯಲ್ಲಿ ಓಡಾಡಿ, ಸುಕ್ಕು ಕಾಳನ್ನೂ ಬೂಸಲು ಹಿಡಿದದ್ದನ್ನೂ ಬದಿಗೆ ಸರಿಸುತ್ತವೆ. ಕಣ್ಣು ಮಾತ್ರ ನಮ್ಮ ಮುಖದ ಮೇಲೆಯೇ ಇರುತ್ತದೆ. ಹುಮನಾಬಾದ ಕಡೆಯ ಮನೆತನ. ಅತಿಥಿಗೆ ಕೆಟ್ಟ ಕಾಳು ಹೋಗಬಾರದೆಂಬುದು ಅವರ ತಾಯಿ ಕಲಿಸಿದ ಮರ್ಯಾದೆ.

ನಾರಾಯಣಗೂಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಅವರು ಊರಾಚೆಯ ಒಂದು ಕೃಷಿ ತರಬೇತಿ ಸಂಸ್ಥೆಯಲ್ಲಿ ಬೋಧಕಿಯಾಗಿದ್ದಾರೆ. ಆಫ್ರಿಕಾ ಮತ್ತು ಏಷ್ಯಾದ ಹಲವು ದೇಶಗಳು ತಮ್ಮ ಆಹಾರ ಇಲಾಖೆಯ ಅಧಿಕಾರಿಗಳನ್ನು ಅಲ್ಲಿಗೆ ಕಳುಹಿಸುತ್ತವೆ. ಕಾಯಿದೆ ಹೇಗೆ ಬರೆಯಬೇಕು, ಮಾರುಕಟ್ಟೆಯಲ್ಲಿ ತಪಾಸಣೆ ಹೇಗೆ ನಡೆಸಬೇಕು ಎಂಬುದನ್ನು ಇತರರು ಕಲಿಸಿದರೆ, ಕಾಳಿನಲ್ಲಿ ಅಡಗಿರುವ ಬೂಸಲಿನ ವಿಷವನ್ನು ಕಂಡುಹಿಡಿಯುವುದನ್ನು ಸುಂದರಾಬಾಯಿಯವರು ಕಲಿಸುತ್ತಾರೆ. ಮನೆಯಲ್ಲಿ ಗಂಡ ಮಲ್ಲಣ್ಣನವರು ಆಗಾಗ ಕೆಣಕುವುದುಂಟು: "ನಮ್ಮಾಕಿ ದೇಶ ದೇಶಕ್ಕೆಲ್ಲಾ ಪಾಠ ಹೇಳ್ತಾಳ್ರಿ. ಮನ್ಯಾಗ ಮಾತ್ರ ಉಪ್ಪು ಮರೀತಾಳ." ಅದಕ್ಕೆ ಉತ್ತರವೂ ಸಿದ್ಧವಿರುತ್ತದೆ: "ಉಪ್ಪು ಹಾಕ್ಕೊಳ್ಳೋದು ನಿಮಗೂ ಕಲಿಸೇನಿ. ನೀವಽ ಫೇಲಾಗೀರಿ."

ಕಳೆದ ವರ್ಷದ ತಂಡದಲ್ಲಿ ಮಲಾವಿ ದೇಶದ ಟಿಯಾಮಿಕೆ ಎಂಬ ಯುವ ಅಧಿಕಾರಿಣಿ ಇದ್ದಳು. ಅವಳ ಜಿಲ್ಲೆಯಲ್ಲಿ ಹಸುಗೂಸುಗಳಿಗೆ ಉಣಿಸುವ ಗಂಜಿಗೆ ಶೇಂಗಾ ಹಿಟ್ಟನ್ನು ಬೆರೆಸುತ್ತಾರೆ. ಆ ಶೇಂಗಾ ಸಂತೆಗೆ ಬಂದಾಗಲೇ ಪರೀಕ್ಷೆಯಾಗಬೇಕೆಂಬುದು ಅವಳ ಹಟ. ಅವಳ ಇಲಾಖೆಗೆ ಇದರಲ್ಲಿ ನಂಬಿಕೆ ಸಾಲದು. ಆದುದರಿಂದ ತರಬೇತಿಯ ಕೊನೆಯ ದಿನ ಅಲ್ಲಿಂದ ಒಬ್ಬ ಹಿರಿಯ ಅಧಿಕಾರಿಯೇ ಬಂದರು. ಟಿಯಾಮಿಕೆ ಅವರ ಎದುರಿನಲ್ಲಿ ಪರೀಕ್ಷೆ ಮಾಡಿ ತೋರಿಸಬೇಕು. ಅವರಿಗೆ ಒಪ್ಪಿಗೆಯಾದರೆ ಅವಳ ಜಿಲ್ಲೆಯ ಸಂತೆಗಳಲ್ಲಿ ಪರೀಕ್ಷಾ ಕಟ್ಟೆಗಳು ಏಳುತ್ತವೆ. ಇಲ್ಲವಾದರೆ ಆ ಮಾತು ಅಲ್ಲಿಗೇ ಮುಗಿಯುತ್ತದೆ.

ಸಂಸ್ಥೆಯವರು ಬೂಸಲಿನ ವಿಷವಿದೆಯೆಂದು ಮೊದಲೇ ಖಚಿತಪಡಿಸಿಕೊಂಡಿದ್ದ ಒಂದು ಚೀಲವನ್ನು ತಂದಿಟ್ಟರು. ಟಿಯಾಮಿಕೆ ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಕಾಳು ತೆಗೆದು ತಟ್ಟೆಯಲ್ಲಿ ಹರಡಿ ಬೆರೆಸಿದಳು. ತಂಡದ ಉಳಿದವರೂ ತಮ್ಮ ತಮ್ಮ ತಟ್ಟೆಗಳಲ್ಲಿ ಹಾಗೆಯೇ ಮಾಡುತ್ತಿದ್ದರು. ಬಂದ ಅಧಿಕಾರಿ ಕೇಳಿದ ಪ್ರಶ್ನೆಗಳಿಗೆಲ್ಲ ನಗುನಗುತ್ತ ಉತ್ತರ ಕೊಟ್ಟಳು. ಕಾಳನ್ನು ಪುಡಿಮಾಡಿ, ದ್ರಾವಣದಲ್ಲಿ ಕಲಕಿ, ಕಾಗದದ ಪಟ್ಟಿಯನ್ನು ಅದ್ದಿದಳು. ಪಟ್ಟಿಯಲ್ಲಿ ಒಂದೇ ಗೆರೆ ಮೂಡಿದರೆ ವಿಷವಿದೆ ಎಂದರ್ಥ. ಎರಡು ಮೂಡಿದರೆ ಕಾಳು ಶುದ್ಧ.

ಎರಡು ಗೆರೆಗಳು ಮೂಡಿದವು.

"ವಿಷದ ಚೀಲವೆಂದಿರಲ್ಲ?" ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದರು. ಟಿಯಾಮಿಕೆಯ ಮುಖ ಬಾಡಿತು.

ತರಬೇತಿಯ ಮುಖ್ಯಸ್ಥರಾದ ದತ್ತಾತ್ರೇಯ ಧಾರವಾಡದವರು. ಅವರು ಸುಂದರಾಬಾಯಿಯವರ ಹತ್ತಿರ ಸರಿದು ಕನ್ನಡದಲ್ಲಿ ಪಿಸುಗುಟ್ಟಿದರು: "ಪಟ್ಟಿ ಹಳೇದಾಗ್ಯಾವ ಅಂತ ಹೇಳಿಬಿಡ್ರಿ ಬಾಯಿ. ಹುಡುಗಿ ಮಾನ ಉಳೀತದ, ನಮ್ಮದೂ ಉಳೀತದ."

"ಹೊಸಾ ಪಟ್ಟಿ ಡಬ್ಬಿ ನಿನ್ನೇನಽ ಒಡದೇವ್ರಿ ಸರ. ತಡೀರಿ, ನೋಡೂಣು."

ಅವರು ಟಿಯಾಮಿಕೆಯ ತಟ್ಟೆಯನ್ನು ನೋಡಿದರು. ಅದರ ಅಂಚಿನಲ್ಲಿ, ಬಲಗಡೆಗೆ, ಒಂದು ಚಿಕ್ಕ ಗುಡ್ಡೆ ಕೂತಿತ್ತು: ಸುಕ್ಕು ಕಾಳು, ಕಪ್ಪಾದ ಕಾಳು, ಹಸಿರು ಬೂಸಲಿನ ಕಾಳು. ಉತ್ತರ ಹೇಳುತ್ತಿದ್ದಾಗ ಹುಡುಗಿಯ ಕೈ ಅವನ್ನು ತನ್ನಷ್ಟಕ್ಕೆ ತೆಗೆದಿಟ್ಟಿತ್ತು. ವಿಷವೆಲ್ಲ ಇರುವುದು ಇಂತಹ ನಾಲ್ಕಾರು ಕಾಳುಗಳಲ್ಲಿಯೇ. ಅವನ್ನು ಬಿಟ್ಟು ಪುಡಿಮಾಡಿದರೆ ಪಟ್ಟಿ ಏನು ಹೇಳೀತು? ಸುಂದರಾಬಾಯಿಯವರು ಉಳಿದವರ ತಟ್ಟೆಗಳನ್ನೂ ನೋಡಿದರು. ಎಲ್ಲದರಲ್ಲೂ ಅದೇ ಗುಡ್ಡೆ, ಅದೇ ಬಲಗಡೆಗೆ!

ಆ ಬೆರಳಿನ ಓಟ ತಮ್ಮದೇ ಎಂದು ಅವರಿಗೆ ಆಗ ಹೊಳೆಯಿತು. ಪಾಠ ಹೇಳುವಾಗ ತಮ್ಮ ಕೈ ಮಾಡಿದ್ದನ್ನು ಶಿಷ್ಯರು ವಿಧಾನದ ಒಂದು ಭಾಗವೆಂದೇ ತಿಳಿದು ಶ್ರದ್ಧೆಯಿಂದ ಕಲಿತಿದ್ದರು. ಅಷ್ಟು ದಿನದ ಅಭ್ಯಾಸದಲ್ಲಿ ಪಟ್ಟಿ ಅದ್ದುವುದಕ್ಕೆ ಸಿದ್ಧ ಹಿಟ್ಟನ್ನೇ ಕೊಡುತ್ತಿದ್ದುದರಿಂದ ತಪ್ಪು ಬಯಲಾಗಿರಲಿಲ್ಲ.

ಪಟ್ಟಿಯನ್ನು ದೂರಿದ್ದರೆ ಆ ಹೊತ್ತು ಕಳೆಯುತ್ತಿತ್ತು. ಆದರೆ ಟಿಯಾಮಿಕೆ ಆ ಕೈಯನ್ನೇ ತನ್ನ ಊರಿಗೆ ಕೊಂಡೊಯ್ದು, ಕೆಟ್ಟ ಚೀಲಗಳಿಗೆಲ್ಲ ಶುದ್ಧವೆಂಬ ಮುದ್ರೆ ಒತ್ತುತ್ತಿದ್ದಳು. ಸುಂದರಾಬಾಯಿಯವರು ಅಧಿಕಾರಿಯ ಎದುರಿಗೆ ಹೋಗಿ ನಿಂತರು. "ಅವಳು ನಾನು ಕಲಿಸಿದಂತೆಯೇ ಮಾಡಿದ್ದಾಳೆ. ತಪ್ಪು ನನ್ನ ಕೈಯದು," ಎಂದು ಆ ಗುಡ್ಡೆಯನ್ನು ತೋರಿಸಿ ಎಲ್ಲವನ್ನೂ ವಿವರಿಸಿದರು. ಧ್ವನಿಯಲ್ಲಿ ಅಳುಕಿರಲಿಲ್ಲ. "ಇನ್ನೊಮ್ಮೆ ಮಾಡಲಿ, ನೋಡಿ."

ಟಿಯಾಮಿಕೆ ಮತ್ತೆ ಕಾಳು ಹರಡಿದಳು. ಸುಂದರಾಬಾಯಿಯವರು ಪಕ್ಕದಲ್ಲಿಯೇ ನಿಂತು ಅಧಿಕಾರಿಗೆ ಏನನ್ನೋ ಹೇಳುತ್ತಿದ್ದರು. ಇಷ್ಟೆಲ್ಲ ಆದ ಮೇಲೂ ಅವರ ಕೈ ಮೆಲ್ಲಗೆ ತಟ್ಟೆಯತ್ತ ಚಾಚಿತು. ಟಿಯಾಮಿಕೆ ಅದರ ಮೇಲೆ ಒಂದು ಏಟು ಕೊಟ್ಟು, ಅವರ ಮನೆಯಲ್ಲಿ ಊಟ ಬಡಿಸಿಕೊಳ್ಳುವಾಗ ಕಲಿತಿದ್ದ ಒಂದೇ ಕನ್ನಡ ಮಾತನ್ನು ಗಟ್ಟಿಯಾಗಿ ಆಡಿದಳು:

"ಸಾಕ್ರಿ, ಸಾಕು!"

ದತ್ತಾತ್ರೇಯರು ನಕ್ಕರು. ಏಕೆಂದು ತಿಳಿಯದಿದ್ದರೂ ಬಂದ ಅಧಿಕಾರಿಯೂ ನಕ್ಕರು. ಈ ಬಾರಿ ಒಳ್ಳೆಯದು ಕೆಟ್ಟದ್ದು ಎಲ್ಲವೂ ಒಟ್ಟಿಗೇ ಪುಡಿಯಾಯಿತು. ಪಟ್ಟಿಯಲ್ಲಿ ಒಂದೇ ಗೆರೆ ಮೂಡಿತು.

ಅಧಿಕಾರಿ ಎರಡೂ ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಬಳಿಕ, "ನಮ್ಮ ತಪಾಸಣೆಗಾರರಿಗೆ ಇದನ್ನು ಕಲಿಸಲು ಇಲ್ಲಿಂದ ಯಾರನ್ನು ಕಳುಹಿಸುವಿರಿ?" ಎಂದು ಕೇಳಿದರು.

ದತ್ತಾತ್ರೇಯರು ಬಾಯಿ ತೆರೆಯುವಷ್ಟರಲ್ಲಿ ಟಿಯಾಮಿಕೆಯೇ ಹೇಳಿದಳು: "ಯಾರೂ ಬೇಡ. ನಾನು ಕಲಿಸುತ್ತೇನೆ. ನಮ್ಮ ಅಮ್ಮಂದಿರೂ ಕಾಳು ಆರಿಸಿಯೇ ನಮ್ಮನ್ನು ಬೆಳೆಸಿದವರು. ನಮ್ಮವರೂ ಇದೇ ತಪ್ಪನ್ನು ಮಾಡುತ್ತಾರೆ. ನಾನು ಮೊದಲು ಅದನ್ನೇ ತಿದ್ದುತ್ತೇನೆ."

ಅಧಿಕಾರಿ ಸುಂದರಾಬಾಯಿಯವರ ಮುಖ ನೋಡಿದರು. ಅವರು ತಲೆಯಾಡಿಸಿ, "ಅವಳಿಗೆ ಬರುತ್ತದೆ," ಎಂದಷ್ಟೇ ಹೇಳಿದರು.

ಮಲಾವಿಯಲ್ಲಿ ಶೇಂಗಾ ಸುಗ್ಗಿ ಬಂದಾಗ ಟಿಯಾಮಿಕೆಯ ಜಿಲ್ಲೆಯ ದೊಡ್ಡ ಸಂತೆಯಲ್ಲಿ ಮೊದಲ ಕಟ್ಟೆ ತೆರೆಯಿತು. ಮೊದಮೊದಲು ಅವಳಿಂದ ದಿನವೂ ಫೋನು ಬರುತ್ತಿತ್ತು. ವಿಷದ ಶೇಂಗಾ ಹೊತ್ತು ಗಂಜಿ ಹಿಟ್ಟಿನ ಗಿರಣಿಗೆ ಹೊರಟಿದ್ದ ಒಂದು ಲಾರಿಯನ್ನು ಅವಳ ಶಿಷ್ಯನೊಬ್ಬ ತಡೆದು ನಿಲ್ಲಿಸಿದ ಸುದ್ದಿಯೂ ಹಾಗೆಯೇ ಬಂತು. ಈಚೆಗೆ ಫೋನು ಅಪರೂಪವಾಗಿದೆ.

"ಮರತಾಳ ನಿನ್ನ," ಎಂದು ಮಲ್ಲಣ್ಣನವರು ಮೊನ್ನೆ ನನ್ನೆದುರಿಗೇ ಛೇಡಿಸಿದರು.

"ಮರೀಲಿ ಬಿಡ್ರಿ," ಎಂದರು ಸುಂದರಾಬಾಯಿಯವರು. "ಅಕೀಗಿ ಈಗ ಕೇಳೋದು ಏನೂ ಉಳದಿಲ್ಲ. ಅದಕ್ಕಽ ಕಲಿಸಿದ್ದು."